ಹಾಯಿದೋಣೀಲಿ ನೀರುಗಂಟಿ

ನೀರುಗಂಟಿ ಕೆಲಸ ಮಾಡೋನಿಗೆ ಇಂಥವೆಲ್ಲ ತಾನಾಗೇ ಬಂದು ಗಂಟುಬೀಳ್ತವೆ, ಅದು ನನ್ನ ತಪ್ಪಲ್ಲ. ಹೊಸೂರು ಕಡೆ ಬೇರಿಕೆ ಪಕ್ಕದ ನಮ್ಮೂರ ಕೆರೆಗೆ ಅಪ್ಪನ ಕಾಲದಿಂದ ನಾವೇ ನೀರುಗಂಟಿಗಳು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಯಾವಾಗ ತೂಬು ಮುಚ್ಚಬೇಕು, ಎಲ್ಲಾ ನಮ್ಮದೇ ಕಾರುಬಾರು. ತೂಬಿನ ಬೀಗದಕೈ ನನ್ನ ಉಡಿದಾರದಲ್ಲೇ ನೇತಾಡ್ತಿತ್ತು. ಕೆರೆ ನೀರು ಇದ್ದಕ್ಕಿದ್ದಂಗೆ ನಾಲ್ಕು ಬೆರಳು ಇಳೀತು ಅಂದ್ರೆ ಯಾವನೋ ಕದ್ದ ಅಂತಲೇ ಅರ್ಥ. ಹಂಗಾಗಿ ನಂಗೆ ಎಲ್ಲರ ಮೇಲೂ ಅನುಮಾನ. ಹೆಂಡ್ತಿ ಒಂದು ಬಿಂದಿಗೆ ಜಾಸ್ತಿ ತಂದ್ರೂ "ಎಲ್ಲಿಂದ ತಂದೆ?" ಅಂತ ಕೇಳೋ ಆಸಾಮಿ ನಾನು.

ಬೀಗರ ಕಾಲು

ನೀರುಗಳ್ಳನ್ನ ಹಿಡೀಬೇಕಾದ್ರೆ ಮುಖ ನೋಡಬಾರದು, ಕಾಲು ನೋಡಬೇಕು. ಕಾಲುವೆ ಒಡೆದು ಬಂದೋನ ಕಾಲಿಗೆ ಕೆಸರು ಹತ್ತಿರ್ತದೆ. ಒಂದಿನ ಬೆಳಿಗ್ಗೆ ನಮ್ಮೂರ ಗೌಡರ ಜಗಲಿ ಮೇಲೆ ಯಾರೋ ಒಬ್ಬರು ಕೂತಿದ್ರು. ನೋಡಿದ್ರೆ ಮೊಣಕಾಲಿನವರೆಗೂ ಕೆಸರು!

"ಯಾವೂರ್ಲಾ ನಿಂದು? ಯಾರ ಗದ್ದೆಗೆ ತಿರುಗಿಸ್ದೆ ನೀರ?" ಅಂತ ರಟ್ಟೆ ಹಿಡಿದು ಎಬ್ಬಿಸಿಬಿಟ್ಟೆ. ಆಮೇಲೆ ಕಣ್ಣೆತ್ತಿ ನೋಡ್ತೀನಿ, ತಲೆ ಮೇಲೆ ಸರಿಗೆ ಪೇಟ. ಅವರು ಗೌಡರ ಮಗಳನ್ನ ನೋಡೋಕೆ ಬಂದಿದ್ದ ಗಂಡಿನ ಅಪ್ಪ. ದಾರೀಲಿ ಹಳ್ಳದಾಗೆ ಗಾಡಿ ಹೂತುಹೋಗಿ, ಪಾಪ, ಇಳಿದು ತಳ್ಳಿದ್ರಂತೆ.

ಗೌಡರು ಕೆಂಡವಾದ್ರು. "ಇನ್ನೊಂದು ಸಲ ಸುಮ್ಸುಮ್ನೆ ಯಾರನ್ನಾದ್ರೂ ಕಳ್ಳ ಅಂದ್ಯೋ, ಬೀಗದಕೈ ಕಿತ್ಕೊಂಡು ನಮ್ಮ ಬಾಮೈದನಿಗೆ ಕೊಟ್ಬುಡ್ತೀನಿ, ಹುಷಾರ್!"

ಅವರ ಬಾಮೈದ ಏರಿ ಮೇಲೆ ಕೂತ್ರೆ ಸಾಕು, ಗೊರಕೆ ಹೊಡೀತಾನೆ. ಅಪ್ಪನಿಂದ ಬಂದ ಕೆಲಸ ಅಂಥೋನ ಪಾಲಾಗೋದಾ? "ಇನ್ಮೇಲೆ ಬಾಯಿ ಬಿಡಲ್ಲ ಸ್ವಾಮಿ" ಅಂತ ಕೆನ್ನೆ ಕೆನ್ನೆ ಬಡ್ಕೊಂಡೆ. ಆದ್ರೂ ಹೋಗೋಕೆ ಮುಂಚೆ, ಗಾಡಿ ಚಕ್ರಕ್ಕೂ ಕೆಸರು ಹತ್ತಿದೆಯಾ ಅಂತ ಒಂದು ಸಲ ನೋಡ್ಕೊಂಡೇ ಹೋದೆ.

ದೊರೆ ಬೂಟು

ಯುದ್ಧ ಮುಗಿದ ಮಾರನೇ ವರ್ಷ ನಮ್ಮ ತೂಬು ಸಡಿಲವಾಯ್ತು. ರಿಪೇರಿ ಕಾಗದಕ್ಕೆ ರುಜು ಹಾಕಬೇಕಾಗಿದ್ದು ಬಿಳೀ ಇಂಜಿನಿಯರ್ ದೊರೆ. ನಮ್ಮ ತೂಬಿಗೆ ಬೀಗ ಹಾಕಿಸಿದೋರೂ ಅವರೇ. ರುಜು ಬಾಕಿ ಇಟ್ಟೇ ಅವರು ಸಮುದ್ರದ ಪಕ್ಕದ ಕಡಲೂರಿಗೆ ವರ್ಗವಾಗಿ ಹೋಗಿದ್ರು. ಗೌಡರು ನನ್ನನ್ನೂ ಜೊತೆಗೆ ಹಾಕ್ಕೊಂಡು ರೈಲು ಹತ್ತಿದ್ರು.

ನಾವು ಹೋಗಿದ್ದು ಭಾನುವಾರ. ದೊರೆ ಹೊಳೇಲಿದ್ದ ತಮ್ಮ ಸ್ವಂತ ಹಾಯಿದೋಣಿ ತೋರಿಸಿ, ತಮಿಳಲ್ಲಿ "ಬನ್ನಿ, ಒಂದು ಸುತ್ತು ಹೋಗಿ ಬರೋಣ, ಆಮೇಲೆ ರುಜು" ಅಂದ್ರು.

ಗೌಡರು ನನ್ನ ಕಿವೀಲಿ ಪಿಸುಗುಟ್ಟಿದ್ರು. "ಪುಕ್ಕಟೆ ಹತ್ತಿಸ್ಕೊತಾವ್ನೆ ಅಂದ್ರೆ ಏನೋ ಐತೆ ಕಣ್ಲಾ. ಯುದ್ಧದಾಗೆ ಹಿಂಗೇ ಲಾರಿ ಹತ್ತಿಸ್ಕೊಂಡು ಬರ್ಮಾಗೆ ಸಾಗಿಸ್ಬುಟ್ರಂತೆ." ಆಮೇಲೆ ದೋಣಿ ನಡೆಸೋ ಮುದುಕನ್ನ ತಮಿಳಲ್ಲಿ ಕೇಳಿದ್ರು: "ಇದಕ್ಕೆ ಇಂಜಿನ್ ಎಲ್ಲಿ?"

"ಇಂಜಿನ್ ಇಲ್ಲ ಸಾಮಿ. ಗಾಳಿ ಎಲ್ಲಿಗೆ ತಳ್ಳಿದ್ರೆ ಅಲ್ಲಿಗೆ."

"ಬರ್ಮಾ ಕಡೆ ತಳ್ಳಿದ್ರೆ?"

ಮುದುಕ ಹಲ್ಲು ಕಿರಿದ. ಗೌಡರು ನನ್ನನ್ನ ದೊರೆ ಕಾಲ ಬುಡದಲ್ಲೇ ಕೂರಿಸಿದ್ರು. "ಸಮುದ್ರದ ಕಡೆ ತಿರುಗಿಸ್ದ ಅಂದ್ರೆ ಕಾಲು ಹಿಡ್ಕೊಬುಡು, ಬಿಡಬ್ಯಾಡ" ಅಂತ ಅಪ್ಪಣೆ. ನಾನು ದೊರೆ ಬೂಟಿನ ಮೇಲಿಟ್ಟ ಕಣ್ಣು ಕೀಳಲಿಲ್ಲ. ಅರ್ಧ ಗಂಟೆ ನೋಡಿದ ದೊರೆಗೆ ಏನನ್ನಿಸ್ತೋ ಏನೋ, ಬೂಟು ಎರಡನ್ನೂ ಬಿಚ್ಚಿ ತಮ್ಮ ಬೆನ್ನ ಹಿಂದೆ ಇಟ್ಕೊಂಡ್ರು.

ಉಪ್ಪು

"ಇದು ನಿಮ್ಮದೇ ನದಿ. ನಿಮ್ಮ ಹೊಸೂರು ಕಡೆಯಿಂದ ಬರೋ ಪೆನ್ನಾರು ಇದೇ" ಅಂದ್ರು ದೊರೆ. ನಂಗೆ ರೋಮಾಂಚನವಾಯ್ತು. ನಮ್ಮ ಕೆರೆ ಕೋಡಿ ಬಿದ್ರೆ ಆ ನೀರೂ ಪೆನ್ನಾರಿಗೇ ಸೇರೋದು. ಬೊಗಸೇಲಿ ಎತ್ತಿ ಬಾಯಿಗೆ ಹಾಕ್ಕೊಂಡೆ. ಥೂ! ಬರೀ ಉಪ್ಪು! ಯಾವನೋ ನಮ್ಮ ನೀರು ಕೆಡಿಸವ್ನೆ ಅಂತ ನಾಲಿಗೆ ತುದಿಗೆ ಬಂತು, ಬೀಗದಕೈ ನೆನೆಸ್ಕೊಂಡು ತಡ್ಕೊಂಡೆ.

ಗೌಡರೂ ಒಂದು ಬೊಗಸೆ ಕುಡಿದು, ಮುಖ ಹುಳ್ಳಗೆ ಮಾಡ್ಕೊಂಡು, ನನ್ನ ತೊಡೆ ಚಿವುಟಿದ್ರು. "ಉಪ್ಪು ಅನ್ನೋ ಮಾತೇ ಎತ್ತಬ್ಯಾಡ. ಉಪ್ಪಿಗೆ ಸುಂಕ ಹಾಕೋ ಸರ್ಕಾರ ಇದು. ಕುಡಿದಿದ್ದಕ್ಕೂ ಕಟ್ಟಿಸ್ಕೊಂಡಾರು." ಪುಣ್ಯಕ್ಕೆ ನಾನು ಉಗಿದಿದ್ದೆ. ಗೌಡರು ನುಂಗಿಬಿಟ್ಟಿದ್ರು.

ಹೊಳೆ ಕದ್ದವರು

ಮಧ್ಯಾಹ್ನ ದಡದ ಹತ್ರ ದೋಣಿ ನಿಲ್ಲಿಸಿ ಊಟ ಮಾಡಿದ್ವಿ. ದೊರೆ ಮುಖದ ಮೇಲೆ ಟೋಪಿ ಮುಚ್ಕೊಂಡು ಮಲಗಿದ್ರು. ಗೌಡರಿಗೂ ಜೊಂಪು ಹತ್ತಿತು. ನಾನು ಅಭ್ಯಾಸಬಲದಿಂದ ದಡ ನೋಡ್ತೀನಿ, ನೀರು ಒಂದು ಗೇಣು ಇಳಿದದೆ! ನೋಡ್ತಾ ನೋಡ್ತಾ ಒಂದು ಮೊಳ ಆಯ್ತು. ಆಚೆ ದಡದಲ್ಲಿ ಒಬ್ಬ ಏಡಿ ಹಿಡಿಯೋನು ನಿಂತಿದ್ದ, ಮೊಣಕಾಲಿನವರೆಗೂ ಕೆಸರು!

ಅಯ್ಯೋ, ನನ್ನ ಸಂಕಟ ಯಾರಿಗೂ ಬೇಡ. ಕೂಗಿದ್ರೆ ಕೆಲಸ ಹೋಗ್ತದೆ. ಬಾಯಿಗೆ ಟವಲ್ ತುರುಕ್ಕೊಂಡು ಕೂತೆ. ಮುದುಕನಿಗೆ ಕನಿಕರ ಬಂದು ಮೆಲ್ಲಗೆ ಹೇಳಿದ: "ಸಮುದ್ರ ಇಲ್ಲೇ ಪಕ್ಕದಲ್ಲದೆಯಪ್ಪ. ದಿನಕ್ಕೆ ಎರಡು ಸಲ ನೀರು ಎಳ್ಕೊತದೆ, ಎರಡು ಸಲ ವಾಪಸ್ ಬಿಡ್ತದೆ." ಅವನ ಮೇಲೂ ನಂಗೆ ಅನುಮಾನವೇ.

ಅಷ್ಟರಲ್ಲಿ ದೋಣಿ ಕೆಸರಲ್ಲಿ ಕೂತು ಓರೆಯಾಯ್ತು. ಗೌಡರು ಉರುಳಿಬಿದ್ದು ಎದ್ದು ನೋಡ್ತಾರೆ, ಹೊಳೇಲಿ ಅರ್ಧ ನೀರೇ ಇಲ್ಲ!

"ಯಾವನ್ಲಾ ಅವ್ನು ತೂಬು ಎತ್ತಿದೋನು! ಮುಚ್ಚಲಾ!" ಅಂತ ಅಬ್ಬರಿಸಿದ್ರು. ಏಡಿ ಹಿಡಿಯೋನು ಬುಟ್ಟಿ ಬಿಟ್ಟು ಓಡಿದ. "ನೋಡ್ಲಾ, ಓಡ್ತಾವ್ನೆ ಕಳ್ಳ!" ಅಂದು ದೊರೆ ಕಡೆ ತಿರುಗಿದ್ರು. "ಈವಯ್ಯನೂ ಶಾಮೀಲು ಕಣ್ಲಾ. ತೂಬಿಗೆಲ್ಲ ಬೀಗ ಹಾಕ್ಸಿದೋನು ಇವ್ನೇ, ಇನ್ನೊಂದು ಬೀಗದಕೈ ಇವ್ನ ಹತ್ರ ಇರಲ್ವಾ?" ಕಡೆಗೆ ನನ್ನ ಮೇಲೆ ಬಿದ್ರು. "ಇಡೀ ಹೊಳೆ ಕದ್ದವ್ರೆ, ನೀನು ಟವಲ್ ತಿಂತಾ ಕೂತಿದ್ದೀಯಾ? ಅನುಮಾನ ಪಡದ ನೀರುಗಂಟಿ ಯಾಕಲಾ ಬೇಕು? ಊರಿಗೆ ಹೋಗ್ತಿದ್ದಂಗೆ ಬೀಗದಕೈ ಬಾಮೈದನಿಗೆ!"

ನಂಗೆ ಅಳು ಬಂತು. ಕೂಗಿದ್ರೂ ತಪ್ಪು, ಕೂಗದಿದ್ರೂ ತಪ್ಪು!

ಕನ್ನಡ ಬಾರದ ದೊರೆ "ಉಕ್ಕಾರು, ಉಕ್ಕಾರು" ಅಂತ ತಮಿಳಲ್ಲಿ ಕೂರಿಸೋಕೆ ನೋಡಿದ್ರು. ಗೌಡರು ಕೂರಲಿಲ್ಲ, ಗಂಟಲು ಕಟ್ಟೋವರೆಗೂ ಕೂಗಿದ್ರು. ಇಳಿಹೊತ್ತಿಗೆ ನೀರು ಗುಳುಗುಳು ಅಂತ ವಾಪಸ್ ಬಂತು, ದೋಣಿ ತೇಲಿತು. ಗೌಡರು ಮೀಸೆ ತಿರುವಿದ್ರು. "ಹೆದರ್ಕೊಂಡು ವಾಪಸ್ ಬಿಟ್ಬುಟ್ರು, ನೋಡ್ದಾ?"

ದೊರೆ ನಗ್ತಾ ನಗ್ತಾ ಕಾಗದಕ್ಕೆ ರುಜು ಹಾಕಿದ್ರು. ರೈಲಲ್ಲಿ, ಮುದುಕ ಹೇಳಿದ್ದೇ ನಿಜ ಅನ್ನೋಣ ಅಂತ ಬಾಯಿ ತೆಗೆದೋನು ಬೀಗದಕೈ ನೆನೆಸ್ಕೊಂಡು ಮಾತು ತಿರುಗಿಸ್ದೆ. "ಸ್ವಾಮಿ, ನಿಮ್ಮ ಕೂಗಿಗೇ ಹೆದರಿದ್ದು ಅವರು. ನಿಮ್ಮ ಬಾಮೈದನ ಗೊರಕೆಗೆ ಹೆದರ್ತಿದ್ರಾ?"

ಗೌಡರು ಇನ್ನೊಂದು ಸಲ ಮೀಸೆ ತಿರುವಿದ್ರು. "ಬೀಗದಕೈ ನಿನ್ನ ಹತ್ರಾನೇ ಇರಲಿ. ಆದ್ರೆ ಕೂಗೋದು ಕಲ್ತ್ಕೊ" ಅಂದ್ರು. ನಂಗೆ ಹೋದ ಜೀವ ಬಂದಂಗಾಯ್ತು.

ಆ ಬೇಸಿಗೇಲಿ ನಮ್ಮ ಕೆರೆ ತಳ ಕಂಡಿತು. ಗೌಡರು ಊರೋರನ್ನೆಲ್ಲ ಏರಿ ಮೇಲೆ ಕೂರಿಸಿ, ಕೆರೆ ಕಡೆ ತಿರುಗಿ ಮೂರು ಸಲ ಗುಡುಗಿ, "ಕಡಲೂರಲ್ಲಿ ನೀರು ವಾಪಸ್ ಬರೋಕೆ ಎಷ್ಟು ಹೊತ್ತು ಹಿಡೀತ್ಲಾ?" ಅಂತ ನನ್ನ ಕೇಳಿದ್ರು.

"ಊಟದ ಹೊತ್ತಿಂದ ಇಳಿಹೊತ್ತಿನವರೆಗೂ ಸ್ವಾಮಿ."

ಎಲ್ಲಾ ಕಾದ್ವಿ. ಹೊತ್ತು ಮುಳುಗಿತು, ಒಂದು ಹನಿ ಬರಲಿಲ್ಲ. ಗೌಡರು ಎದ್ದು ಪಂಚೆ ಕೊಡವಿ, ಊರೋರನ್ನೆಲ್ಲ ಒಂದು ಸಲ ದುರುಗುಟ್ಟಿ ನೋಡಿದ್ರು.

"ಥೂ, ನಿಮ್ಮ! ಕಡಲೂರು ಕಳ್ಳರಿಗಿರೋ ಮಾನ ಮರ್ಯಾದೆ ನಿಮಗಿಲ್ವಲ್ರೋ!"