ಟೆಂಪೋ ಹತ್ತಲೊಲ್ಲದ ಕುದುರೆ

ಕುದುರೆ ಸಾಕಿದವನ ತಲೆ ಕೆಡಲು ದೊಡ್ಡ ಕಾರಣವೇನೂ ಬೇಡ, ಮನೆ ಮುಂದೆ ಟೆಂಪೋ ಬಂದು ನಿಂತರೆ ಸಾಕು. ಕಬನೂರಿನಲ್ಲಿ ನನ್ನದೊಂದು ಬಿಳಿ ಹೆಣ್ಣು ಕುದುರೆಯಿದೆ. ಮದುಮಗನನ್ನು ಹೊತ್ತು ಮೆರವಣಿಗೆಯಲ್ಲಿ ಕುಣಿಯುವುದು ಅದರ ಕೆಲಸ. ಪರವೂರಿನ ಮದುವೆಗೆ ಟೆಂಪೋ ಹತ್ತಬೇಕು. ಹತ್ತುವುದಿಲ್ಲ. ಈ ಸಲವಂತೂ ಗಡಹಿಂಗ್ಲಜದಲ್ಲಿ ನನ್ನ ಅಕ್ಕನ ಮಗನದೇ ಮದುವೆ. ಅಕ್ಕ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: “ನನ್ನ ಮಗ ಮಾಮಾನ ಕುದುರಿ ಮ್ಯಾಲೇ ಬರಬೇಕು. ಕುದುರಿ ತರಲಿಲ್ಲಂದ್ರ ನೀನೂ ಬರಬ್ಯಾಡ.”

ನೂಕುವವರು

ಕುದುರೆಗೆ ಟೆಂಪೋ ಹತ್ತುವುದನ್ನು ಕಲಿಸಲು ಶುರು ಮಾಡಿದ ದಿನವೇ ಪಕ್ಕದ ಮನೆಯ ಮಗ್ಗದವ ಬಂದ. ನಾನು ಕರೆದಿರಲಿಲ್ಲ. “ಹಿಂದಿಂದ ನೂಕಬೇಕ್ರಿ, ಹೆಂಗ ಹತ್ತೂದಿಲ್ಲ ನೋಡೂಣು” ಎಂದು ಭುಜ ಕೊಟ್ಟು ನೂಕಿದ. ಕುದುರೆ ಒಂದು ಹೆಜ್ಜೆ ಹಿಂದಿಟ್ಟಿತು, ಅವನ ಪಾದದ ಮೇಲೆ.

“ಕಾಲು! ಕಾಲು!” ಎಂದು ಕೂಗಿಕೊಂಡ.

ಟೆಂಪೋ ಡ್ರೈವರ್ ಬೀಡಿ ಹಚ್ಚುತ್ತ ಹೇಳಿದ: “ನೋಡ್ರಿ ಕಾಕಾ, ಒಬ್ಬಾಂವರ ಕಲತಾ. ಇನ್ನ ಈ ಜನ್ಮದಾಗ ನೂಕೂದಿಲ್ಲ.”

ಬೆಲ್ಲ

ಆಮೇಲೆ ಟೆಂಪೋದೊಳಗೆ ಕೊಲ್ಹಾಪುರದ ಬೆಲ್ಲ ಇಟ್ಟೆ. ಕುದುರೆ ಕೆಳಗೇ ನಿಂತು, ಕತ್ತು ಚಾಚಿ ತಿಂದಿತು. ಇನ್ನೂ ಒಳಗಿಟ್ಟೆ. ಮುಂಗಾಲು ಮಾತ್ರ ಮೇಲಿಟ್ಟು ತಿಂದು, ಇಳಿದು, ನನ್ನ ಮುಖ ನೋಡಿತು. ಮೈಯೆಲ್ಲ ಉರಿದುಹೋಯಿತು. ಆದರೂ ಬಿಡಲಿಲ್ಲ, ದಿನಾ ಸಂಜೆ ಇಟ್ಟೆ. ಒಂದು ಸಂಜೆ ತಡವಾದಾಗ ಅದು ಗೊರಸಿನಿಂದ ನೆಲ ಬಡಿದು ಗದ್ದಲ ಎಬ್ಬಿಸಿತು.

ಹೆಂಡತಿ ಒಳಗಿನಿಂದಲೇ ಕೂಗಿದಳು: “ಲಗೂ ಹೋಗ್ರೀ! ನಿಮಗ ಚೊಲೊ ಕಲಿಸೇತಿ ಅದು!”

ಹಲಗಿ

ಹಲಗಿ ಬಾರಿಸಿದರೆ ಕುದುರೆ ಅದರ ಹಿಂದೆ ಬರುತ್ತದೆ ಎಂದು ಡ್ರೈವರ್ ಹೇಳಿದ. ಕೇಳಿದೆನಲ್ಲ, ನನ್ನ ಬುದ್ಧಿಗಿಷ್ಟು! ಹಲಗಿಯವರು ಟೆಂಪೋ ಹತ್ತಿ ಬಾರಿಸತೊಡಗಿದರು. ಹಲಗಿ ಕೇಳಿದರೆ ನಿಂತಲ್ಲೇ ಕುಣಿಯಬೇಕೆಂದು ಅದಕ್ಕೆ ಕಲಿಸಿದವನು ನಾನೇ. ನಡುಬೀದಿಯಲ್ಲಿ ಕುಣಿಯಿತು. ಓಣಿಯ ಹೆಂಗಸರೆಲ್ಲ ಹೊರಗೆ ಬಂದರು. ಒಬ್ಬ ಮುದುಕಿ ಸುತ್ತಲೂ ಮದುಮಗನನ್ನು ಹುಡುಕಿ, ಕೊನೆಗೆ ಹಗ್ಗ ಹಿಡಿದು ಹಲ್ಲು ಕಡಿಯುತ್ತಿದ್ದ ನನ್ನನ್ನು ನೋಡಿದಳು.

“ಈ ವಯಸ್ಸಿನ್ಯಾಗ ಬ್ಯಾಡಾಗಿತ್ತ, ಯಪ್ಪಾ.”

ಮದುವೆಯ ದಿನ

ಬೆಳಿಗ್ಗೆ ಮತ್ತೆ ಅದೇ ಹಟ. ನಾನಿನ್ನೂ ಲುಂಗಿ, ಬನಿಯನ್ನಿನಲ್ಲೇ ಇದ್ದೆ. ಸಿಟ್ಟು ನೆತ್ತಿಗೇರಿತು. ಹಗ್ಗ ಎಸೆದು, “ನಿನ್ನ ಮಾರಿ ನೋಡೂದಿಲ್ಲ ಹೋಗ!” ಎಂದು ಬೈದು, ನಾನೇ ಟೆಂಪೋ ಹತ್ತಿ ಮೂಲೆಯಲ್ಲಿ ಬೆನ್ನು ತಿರುಗಿಸಿ ಕುಳಿತೆ. ಹಿಂದೆ ಧಡಧಡ ಸದ್ದಾಯಿತು. ಕುದುರೆ ಹತ್ತಿ ನನ್ನ ಪಕ್ಕ ನಿಂತಿತ್ತು! ಡ್ರೈವರ್ ಫಟ್ಟನೆ ಹಿಂಬಾಗಿಲಿನ ಫಳಕಿ ಹಾಕಿದ. ಬಟ್ಟೆ ಬದಲಿಸಲು ನಾನು ಇಳಿದರೆ ಅದೂ ಇಳಿಯುತ್ತದೆ. “ಹೋಗ್ಲಿ ಬಿಡೋ, ಹೊಡಿ ಗಾಡಿ!” ಎಂದೆ.

ಗಡಹಿಂಗ್ಲಜದಲ್ಲಿ ಫಳಕಿ ತೆರೆದರೆ ಕುದುರೆ ಇಳಿಯಲೊಲ್ಲದು. ಎಳೆದೆವು, ಕೈಮುಗಿದೆವು. ಮುಹೂರ್ತ ಹತ್ತಿರ ಬಂತು. ಅಕ್ಕನ ಕಣ್ಣಲ್ಲಿ ನೀರು. ನನಗೋ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಕೊನೆಗೆ ಮದುಮಗನೇ ಟೆಂಪೋ ಹತ್ತಿದ. ನಾನು ಎತ್ತಿ ಕುದುರೆಯ ಮೇಲೆ ಕೂರಿಸಿದೆ. ಮುಂದೆ ಬ್ಯಾಂಡ್, ಹಿಂದೆ ಟೆಂಪೋ, ಟೆಂಪೋದಲ್ಲಿ ಕುದುರೆ, ಕುದುರೆಯ ಮೇಲೆ ಅಳಿಯ, ಪಕ್ಕದಲ್ಲಿ ಲುಂಗಿ ಬನಿಯನ್ನಿನಲ್ಲಿ ನಾನು. ಹೀಗೆ ಕಲ್ಯಾಣ ಮಂಟಪ ಸೇರಿದೆವು.

ಹುಡುಗಿಯ ತಂದೆ ಓಡಿಬಂದರು. ಬೈಸಿಕೊಳ್ಳಲು ತಲೆ ತಗ್ಗಿಸಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

“ಬೀಗರs, ಇಂಥಾ ಮೆರವಣಿಗಿ ನಮ್ಮೂರಾಗ ಯಾರೂ ಮಾಡಿಲ್ಲ! ಮುಂದ ನಮ್ಮ ಮಗನ ಮದುವಿ ಐತಿ. ಕುದುರಿ ಟೆಂಪೋದಾಗs ಇರ್ಲಿ. ನೀವೂ ಹಿಂಗs ಬನಿಯನ್ ಮ್ಯಾಲ ಬರ್ರಿ.”