ಹೆಪ್ಪು ಹಾಕಿದ ಕಾರು

"ಇನ್ಮೇಲೆ ಈ ಕಾರಿಗೆ ಎಣ್ಣೆ ಬದಲಾಯಿಸೋ ಹಾಗಿಲ್ಲ! ಬೆಲ್ಟ್ ಬದಲಾಯಿಸೋ ಹಾಗಿಲ್ಲ! ಇದಕ್ಕೆ ಸಾವೇ ಇಲ್ಲ!"

ನಮ್ಮೆಜಮಾನ್ರು ಅಂಗಳದಲ್ಲಿ ನಿಂತು ಹೀಗೆ ಘೋಷಿಸಿದಾಗ ನಾನು ಬಟ್ಟೆ ಹಿಂಡುತ್ತಿದ್ದೆ. ಹಿಂಡುವ ಕೈ ತಾನಾಗೇ ಬಿಗಿಯಾಯಿತು. ಹೋದ ಸಲ ಅವರು ಇದೇ ದನಿಯಲ್ಲಿ "ಇನ್ಮೇಲೆ ನೀರಿನ ತೊಟ್ಟಿ ತೊಳೆಯೋ ಹಾಗಿಲ್ಲ" ಅಂದಿದ್ದರು. ಆ ತೊಟ್ಟಿಯೇ ಈಗ ಇಲ್ಲ.

ನಮ್ಮೆಜಮಾನ್ರ ಹೆಸರು ಶಿವನಂಜಪ್ಪ. ಮೈಸೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಪಾಠ ಕೇಳೋಕೆ ಮಕ್ಕಳಿಲ್ಲದೆ ಹೋದ ಮೇಲೆ ನಮ್ಮ ಮನೆಯ ಸಾಮಾನುಗಳ ಮೇಲೆ ಅವರ ಕಣ್ಣು ಬಿತ್ತು. ತೊಟ್ಟಿ ಆಯ್ತು, ಗೀಸರ್ ಆಯ್ತು, ಈಗ ಅಪ್ಪಾಜಿಯ ಕಾರು!

ಈ ಕಾರಿನ ವಿಷಯಕ್ಕೆ ಬಂದರೆ ನಾನು ಸುಮ್ಮನಿರೋಳಲ್ಲ. ಕೆಂಪು ಬಣ್ಣದ ಹಳೇ ಇಟಲಿ ಕಾರು ಅದು. ನಮ್ಮಪ್ಪಾಜಿ ಗುರುಮಲ್ಲಪ್ಪನವರು ಹರೆಯದಲ್ಲಿ ಒಬ್ಬ ಇಟಲಿ ಎಂಜಿನಿಯರ್ ಹತ್ತಿರ ಕೊಂಡು, ಮಗುವಿನ ಹಾಗೆ ಸಾಕಿದ್ದು. ನನಗೆ ಡ್ರೈವಿಂಗ್ ಕಲಿಸಿದ್ದೂ ಇದರಲ್ಲೇ. ಪ್ರತಿ ಆಯುಧಪೂಜೆಗೆ ಎಣ್ಣೆ ಬದಲಾಯಿಸಬೇಕು, ಪ್ರತಿ ಮೂರನೇ ಆಯುಧಪೂಜೆಗೆ ಟೈಮಿಂಗ್ ಬೆಲ್ಟ್ ಬದಲಾಯಿಸಬೇಕು, ಆಮೇಲೇ ಕುಂಬಳಕಾಯಿ ಒಡೀಬೇಕು. ಇದು ಅಪ್ಪಾಜಿಯ ವ್ರತ. ಬೆಲ್ಟ್ ಅಂದರೆ ಹಲ್ಲು ಹಲ್ಲಾಗಿರೋ ಒಂದು ರಬ್ಬರ್ ಪಟ್ಟಿ. ಎಂಜಿನ್ನಿನ ಮೇಲಿನ ಅರ್ಧ, ಕೆಳಗಿನ ಅರ್ಧ ಎರಡೂ ಜೊತೆಜೊತೆಗೆ ತಿರುಗೋ ಹಾಗೆ ಅದು ಹಿಡಿದಿರುತ್ತೆ. ಅದೇನಾದರೂ ಕಿತ್ತು ಹೋಯಿತೋ, ಒಳಗಿನದು ಒಂದಕ್ಕೊಂದು ಗುದ್ದಿಕೊಂಡು ಎಂಜಿನ್ ಚಿಂದಿ!

ಅಪ್ಪಾಜಿ ಈಗಿರೋದು ನಂಜನಗೂಡಿನ ನನ್ನ ತಮ್ಮನ ಮನೆಯಲ್ಲಿ, ಕಾರಿರೋದು ನಮ್ಮ ಅಂಗಳದಲ್ಲಿ. ಮುಂದಿನ ಭಾನುವಾರ ಅವರು ಬರೋರಿದ್ದರು. ಅವರ ಲೈಸೆನ್ಸ್ ಈ ತಿಂಗಳಿಗೆ ಮುಗಿಯುತ್ತೆ. ಅದರ ಸರ್ಟಿಫಿಕೇಟಿಗೆ ಇನ್ನು ಮೇಲೆ ಸಹಿ ಹಾಕಲ್ಲ ಅಂತ ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದಾರೆ. "ಒಂದೇ ಒಂದು ಸಲ ನನ್ನ ಕಾರನ್ನ ಚಾಮುಂಡಿ ಬೆಟ್ಟಕ್ಕೆ ಹತ್ತಿಸ್ತೀನಿ ಕಣವ್ವ. ಆಮೇಲೆ ಸ್ಟಿಯರಿಂಗ್ ಮುಟ್ಟಲ್ಲ" ಅಂತ ಫೋನಿನಲ್ಲಿ ಹೇಳುವಾಗ ಅವರ ದನಿ ನಡುಗಿತ್ತು. ಅಷ್ಟು ಗಟ್ಟಿ ಮನುಷ್ಯ ಹಾಗೆ ಮಾತಾಡಿದ್ದು ನಾನು ಯಾವತ್ತೂ ಕೇಳಿರಲಿಲ್ಲ. ಅವತ್ತೇ ಹೊಸ ಬೆಲ್ಟ್ ತರಿಸಿ ಬೀರುವಿನಲ್ಲಿ ಇಟ್ಟಿದ್ದೆ.

"ಬೆಲ್ಟ್ ಬಂದಿದೆ, ಹಾಕಿಸ್ರೀ ಅಂದ್ರೆ ಇದೇನ್ರೀ ಇದು?"

"ಚಿರಂಜೀವಿ ಯಂತ್ರ!" ಅಂತ ಬಾನೆಟ್ ಎತ್ತಿದರು.

ಎಂಜಿನ್ನಿನ ಪಕ್ಕದಲ್ಲಿ, ಎರಡು ನಳಿಗೆ ಸಿಕ್ಕಿಸಿಕೊಂಡು, ಮೀನಿನ ತೊಟ್ಟಿಯ ಪಂಪು ಹೊತ್ತುಕೊಂಡು ಕೂತಿತ್ತು, ನಾನು ಎಷ್ಟೋ ದಿನದಿಂದ ಹುಡುಕುತ್ತಿದ್ದ ನನ್ನ ಇಡ್ಲಿ ಪಾತ್ರೆ!

"ರೀ! ಇದು ನನ್ನ..."

"ಪಾತ್ರೆ ಮುಖ್ಯ ಅಲ್ಲ ಕಣೇ, ಒಳಗಿರೋರು ಮುಖ್ಯ. ಎಣ್ಣೆಯ ಮಸಿ ತಿಂದು ಬದುಕೋ ಜೀವಾಣುಗಳನ್ನ ಸಾಕಿದ್ದೀನಿ! ಕರಿ ಎಣ್ಣೆ ಒಳಗೆ ಹೋಗುತ್ತೆ, ಹೊಸ ಎಣ್ಣೆ ಹೊರಗೆ ಬರುತ್ತೆ. ಬೆಲ್ಟಿಗೂ ಚಿಮುಕಿಸಿದ್ದೀನಿ. ಬಿರುಕು ಬಿಟ್ಟ ಕಡೆ ಅವೇ ಕೂತು ತುಂಬಿಕೊಳ್ತವೆ!"

ಎಣ್ಣೆ ನೋಡುವ ಕಡ್ಡಿ ಎಳೆದು ತೋರಿಸಿದರು. ಸುಳ್ಳು ಹೇಳಬಾರದು, ಎಣ್ಣೆ ಜೇನುತುಪ್ಪದ ಬಣ್ಣಕ್ಕೆ ಬಂದಿತ್ತು. ಬೆಲ್ಟಿನ ಬಿರುಕೂ ಮುಚ್ಚಿತ್ತು. ಹಾಗಂತ ಹೊಗಳಿದರೆ ನಾಳೆ ಫ್ರಿಜ್ಜಿಗೆ ಕೈ ಹಾಕ್ತಾರೆ ಅಂತ ನಾನು ಬಾಯಿ ಬಿಡಲಿಲ್ಲ.

ಶುಕ್ರವಾರ ರಾತ್ರಿ ಹಾಲು ಕಾಯಿಸಿ, ಆರಿಸಿ, ಹೆಪ್ಪು ಹಾಕೋಣ ಅಂತ ನೋಡಿದರೆ ಹೆಪ್ಪಿನ ಲೋಟ ಖಾಲಿ!

ಇದು ಬರೀ ಲೋಟದ ಮಾತಲ್ಲ. ಮದುವೆಯಾಗಿ ಬರುವಾಗ ನಮ್ಮವ್ವ ಒಂದು ಪುಟ್ಟ ಡಬ್ಬಿಯಲ್ಲಿ ಹೆಪ್ಪು ಕಟ್ಟಿಕೊಟ್ಟಿದ್ದಳು. ಅವತ್ತಿನಿಂದ ಇವತ್ತಿನವರೆಗೆ ನಿನ್ನೆಯ ಮೊಸರಿನ ಚಮಚ ಇವತ್ತಿನ ಹಾಲಿಗೆ, ಒಂದು ದಿನವೂ ತಪ್ಪಿಲ್ಲ. ಅವ್ವ ಹೋದಳು, ಅವಳ ಹೆಪ್ಪು ನನ್ನ ಅಡಿಗೆಮನೆಯಲ್ಲಿ ಉಳಿದುಕೊಂಡಿತ್ತು.

"ರೀ, ಹೆಪ್ಪೆಲ್ಲಿ?"

ಅವರು ಪೇಪರನ್ನ ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು.

"ನಿಮ್ಮನ್ನೇ ಕೇಳ್ತಿರೋದು!"

"ಅದು... ಎಣ್ಣೆ ಸ್ವಲ್ಪ ತೆಳ್ಳಗಾಗಿತ್ತು ಕಣೇ. ನನ್ನ ಜೀವಾಣುಗಳಿಗೆ ಶುದ್ಧ ಮಾಡೋದು ಗೊತ್ತು, ಗಟ್ಟಿ ಮಾಡೋದು ಗೊತ್ತಿಲ್ಲ. ನಿಮ್ಮವ್ವನ ಹೆಪ್ಪಿಗೆ ಅದು ಕರಗತ. ಎರಡಕ್ಕೂ ಸಂಬಂಧ ಬೆಳೆಸಿದೆ."

"ಒಂದು ಚಮಚ ಉಳಿಸೋಕೆ ಏನಾಗಿತ್ತು ನಿಮಗೆ?"

"ಅಳತೆ ತಪ್ಪಬಾರದಲ್ಲ!"

ನನಗೆ ಬಂದ ಸಿಟ್ಟಿಗೆ ಅವತ್ತು ಅವರ ತಟ್ಟೆಗೆ ಬರೀ ಅನ್ನ ಸಾರು ಬಡಿಸಿ ಎದ್ದು ಹೋದೆ. ಮೊಸರಿಲ್ಲದೆ ಅವರಿಗೆ ಊಟ ಇಳಿಯಲ್ಲ ಅಂತ ನನಗೆ ಗೊತ್ತು. ಇಳಿಯಲೂ ಇಲ್ಲ.

ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ರಾತ್ರಿ ಚಳಿ ಜಾಸ್ತಿ, ಜೀವಾಣುಗಳಿಗೆ ಥಂಡಿಯಾಗುತ್ತೆ ಅಂತ ನನ್ನ ಶಾಲು ತಗೊಂಡು ಹೋಗಿ ಎಂಜಿನ್ನಿಗೆ ಹೊದಿಸಿ ಬಂದಿದ್ದಾರೆ! ಶನಿವಾರ ಬೆಳಿಗ್ಗೆ ಎಣ್ಣೆಯ ಕಡ್ಡಿ ಎಳೆದರೆ ಬರಲೊಲ್ಲದು. ಇಬ್ಬರೂ ಸೇರಿ ಜಗ್ಗಿದೆವು. 'ಪಚಕ್' ಅಂತ ಬಂತು. ತುದಿಯಲ್ಲಿ ಬೆಳ್ಳಗೆ, ದಪ್ಪಗೆ, ಕೆನೆ ಸಮೇತ ಗಟ್ಟಿ ಮೊಸರು!

"ಅಯ್ಯೋ ಶಿವನೇ! ನಾಳೆ ಅಪ್ಪಾಜಿ ಬರ್ತಾರಲ್ರೀ! ಎಲ್ಲಾ ಬಸಿದು ಹೊಸ ಎಣ್ಣೆ ಹಾಕಿ, ಬೆಲ್ಟ್ ಬದಲಾಯಿಸಿ!"

"ಗಾಬರಿಯಾಗಬೇಡ. ಬಿಸಿಯಾದರೆ ಕರಗುತ್ತೆ."

"ಅದು ಎಂಜಿನ್ನು ಕಣ್ರೀ, ಒಗ್ಗರಣೆ ಸೌಟಲ್ಲ!"

ಅವರು ಸ್ಟಾರ್ಟ್ ಮಾಡಿಯೇ ಬಿಟ್ಟರು. ಕಾರು ಎರಡು ಸಲ ಬಿಕ್ಕಳಿಸಿ ಓಡತೊಡಗಿತು. ಸೈಲೆನ್ಸರಿನಿಂದ ಹೊಗೆಯ ಬದಲು ಘಮಘಮ ತುಪ್ಪದ ವಾಸನೆ! ಬೀದಿಯ ಬೆಕ್ಕುಗಳೆಲ್ಲ ಬಂದು ಸೈಲೆನ್ಸರಿನ ಮುಂದೆ ಸಾಲಾಗಿ ಕೂತವು.

ಬೆಕ್ಕುಗಳ ಹಿಂದೆಯೇ ಪಕ್ಕದ ಮನೆ ಪುಟ್ಟಗೌರಮ್ಮ ಬಂದಳು, ಕೈಯಲ್ಲಿ ಬಟ್ಟಲು ಹಿಡಿದುಕೊಂಡು.

"ಅಕ್ಕಾ, ಇನ್ಮೇಲೆ ಎಣ್ಣೆ ಬದಲಾಯಿಸೋದೇ ಬೇಡವಂತೆ? ನನ್ನ ಸ್ಕೂಟರಿಗೂ ಒಂದು ಚಮಚ ಹೆಪ್ಪು ಕೊಡಿ!"

ನಾನು ಬೇಡ ಅನ್ನೋದರೊಳಗೆ ನಮ್ಮೆಜಮಾನ್ರು ಬಟ್ಟಲು ತುಂಬಿಸಿ ಕಳಿಸಿದರು. ಹೆಪ್ಪು ಕೇಳಿಕೊಂಡು ಬಂದವರನ್ನ ಬರಿಗೈಲಿ ಕಳಿಸಬಾರದಂತೆ. ಈ ಸಂಪ್ರದಾಯ ಅವರಿಗೆ ಅವತ್ತೇ ನೆನಪಾಗಬೇಕೇ!

ಅಪ್ಪಾಜಿಗೆ ಫೋನ್ ಮಾಡಿ ಈ ವಾರ ಬೇಡ ಅನ್ನೋಣ ಅಂತ ಎರಡು ಸಲ ಫೋನ್ ಕೈಗೆತ್ತಿಕೊಂಡೆ. ಬಾಯಿ ಬರಲಿಲ್ಲ. ಭಾನುವಾರ ಮೊದಲ ಬಸ್ಸಿಗೇ ಬಂದಿಳಿದರು, ಇಸ್ತ್ರಿ ಮಾಡಿದ ಕಂದು ಕೋಟು, ತಲೆಗೆ ಟೋಪಿ, ಮುಖದ ತುಂಬ ನಗು. ಕಾಫಿಯನ್ನೂ ಕುಡಿಯದೆ ನೇರ ಕಾರಿನ ಹತ್ತಿರ ಹೋಗಿ ಅದರ ಬೆನ್ನು ತಟ್ಟಿದರು. ಅದನ್ನು ನೋಡಿದ ಮೇಲೆ ಬೇಡ ಅನ್ನೋ ಧೈರ್ಯ ಯಾರಿಗಿದೆ? ನಾನು ಒಳಗೆ ಹೋಗಿ ಹೊಸ ಬೆಲ್ಟನ್ನು ನನ್ನ ಚೀಲದೊಳಗೆ ತುರುಕಿಕೊಂಡೆ, ಅಷ್ಟೆ.

ನಮ್ಮೆಜಮಾನ್ರು ಇಡ್ಲಿ ಪಾತ್ರೆ ಬಿಚ್ಚಿ ಬಚ್ಚಿಟ್ಟು, ಬೆಳಗಿನ ಜಾವದಿಂದಲೇ ಎಂಜಿನ್ ಬಿಸಿ ಮಾಡಿ ಇಟ್ಟಿದ್ದರು. ಹಾಗಾಗಿ ಅಪ್ಪಾಜಿ ಕಡ್ಡಿ ಎಳೆದಾಗ ಬಂದದ್ದು ಕರಗಿದ ಹೊಂಬಣ್ಣ.

"ಭೇಷ್ ಅಳಿಯಂದ್ರೇ! ಹೊಸ ಎಣ್ಣೆ ಹಾಕಿದ್ದೀರಿ!" ಅಂದರು ಅಪ್ಪಾಜಿ. ಆಮೇಲೆ ಮೂಗರಳಿಸಿ, "ದಾಕ್ಷಾಯಿಣೀ, ದೋಸೆಗೆ ತುಪ್ಪ ಹಾಕ್ತಿದ್ದೀಯಾ?" ಅಂದರು.

"ಹೂಂ ಅಪ್ಪಾಜಿ" ಅಂದೆ. ಮನೆಯಲ್ಲಿ ಅವತ್ತು ಮಾಡಿದ್ದು ಉಪ್ಪಿಟ್ಟು.

ಅಪ್ಪಾಜಿ ಸ್ಟಿಯರಿಂಗ್ ಹಿಡಿದರು. ನಾನು ಪಕ್ಕದಲ್ಲಿ, ನಮ್ಮೆಜಮಾನ್ರು ಹಿಂದಿನ ಸೀಟಿನಲ್ಲಿ. ಬೆಟ್ಟದ ಬುಡದವರೆಗೆ ಕಾರು ಹೂವಿನ ಹಾಗೆ ಹೋಯಿತು. ಏರು ಶುರುವಾಯಿತು ನೋಡಿ, ಎಂಜಿನ್ನಿನ ಸದ್ದೇ ಬದಲಾಯಿತು. ಗುಳುಕ್ ಸೊರ್, ಗುಳುಕ್ ಸೊರ್! ಹಿಂದಿನಿಂದ ನಮ್ಮೆಜಮಾನ್ರು ಜೋರಾಗಿ ಕೆಮ್ಮಿ ಸದ್ದು ಮುಚ್ಚಲು ನೋಡಿದರು. ಎಷ್ಟು ಅಂತ ಕೆಮ್ಮುತ್ತಾರೆ!

ಒಂದು ತಿರುವಿನಲ್ಲಿ ಅಪ್ಪಾಜಿ ಕಾರನ್ನು ಮೆಲ್ಲಗೆ ಬದಿಗೆ ತಂದು, ಎಂಜಿನ್ ಆರಿಸಿದರು.

"ದಾಕ್ಷಾಯಿಣೀ, ಆ ಸದ್ದು ಕೇಳಿಸ್ತಾ?"

"ಯಾವ ಸದ್ದು ಅಪ್ಪಾಜಿ?"

"ನಿಮ್ಮವ್ವ ಬೆಳಗಾಗೆದ್ದು ಮಜ್ಜಿಗೆ ಕಡೀತಿದ್ದಳಲ್ಲ, ಅದೇ. ನನ್ನ ಕಾರಲ್ಲಿ ನಿಮ್ಮವ್ವ ಯಾಕೆ ಮಜ್ಜಿಗೆ ಕಡೀತಿದ್ದಾಳೆ?"

ಇನ್ನು ಮುಚ್ಚಿಡೋಕೆ ನನ್ನಿಂದಾಗಲಿಲ್ಲ. ಬಾನೆಟ್ ಎತ್ತಿದೆವು. ಎಣ್ಣೆ ಹಾಕುವ ಮುಚ್ಚಳವನ್ನು ತಾನೇ ತಳ್ಳಿಕೊಂಡು, ನಿಂಬೆಹಣ್ಣಿನ ಗಾತ್ರದ ಒಂದು ಬೆಣ್ಣೆ ಮುದ್ದೆ ಹೊರಗೆ ಇಣುಕುತ್ತಿತ್ತು! ನಮ್ಮೆಜಮಾನ್ರು ತಲೆ ತಗ್ಗಿಸಿ ಮೊದಲಿನಿಂದ ಕೊನೆಯವರೆಗೆ ಎಲ್ಲಾ ಹೇಳಿದರು. ಇನ್ನೇನು ಅಪ್ಪಾಜಿ ಉಗೀತಾರೆ ಅಂತ ನಾನು ಕಾಯುತ್ತಿದ್ದರೆ, ಅವರು ಬೆರಳಿನಲ್ಲಿ ಒಂದು ಚೂರು ಬೆಣ್ಣೆ ತೆಗೆದು ಬಾಯಿಗೆ ಹಾಕಿಕೊಂಡೇ ಬಿಟ್ಟರು!

"ಅಪ್ಪಾಜಿ! ಉಗುಳಿ! ಎಂಜಿನ್ ಎಣ್ಣೆ ಅದು!"

ಅವರು ಉಗುಳಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅವಳದೇ" ಅಂದರು.

ನನಗೆ ಅಲ್ಲೇ ರಸ್ತೆ ಬದಿಯಲ್ಲಿ ಅಳು ಬಂತು. ಬರಲಿ ಬಿಡಿ, ನನ್ನವ್ವ.

ಅಪ್ಪಾಜಿ ಕಣ್ಣೊರೆಸಿಕೊಂಡು ಬೆಲ್ಟಿನ ಮುಚ್ಚಳ ಬಿಚ್ಚಿಸಿದರು. ಹೆಪ್ಪಿನ ಸಹವಾಸದಿಂದ ಬೆಲ್ಟು ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿ, ಒಂದು ಕಡೆ ಎಳೆ ಮಾತ್ರ ಉಳಿದುಕೊಂಡಿತ್ತು. ಇನ್ನೊಂದು ತಿರುವು ಹತ್ತಿದ್ದರೆ ಎಂಜಿನ್ನಿನ ಕತೆ ಮುಗಿದಿತ್ತು.

"ನಿಮ್ಮವ್ವ ತಡೆದಳು ನೋಡು" ಅಂದರು. "ಈಗ ಹೊಸ ಬೆಲ್ಟಿಗೆ ಏನ್ಮಾಡೋಣ?"

ನಾನು ಚೀಲದಿಂದ ತೆಗೆದು ಕೊಟ್ಟೆ. ಡಿಕ್ಕಿಯಲ್ಲಿ ಅಪ್ಪಾಜಿಯ ಹಳೇ ಸ್ಪ್ಯಾನರ್ ಪೆಟ್ಟಿಗೆ, ಪಕ್ಕದಲ್ಲೇ ಒಂದು ಡಬ್ಬ ಎಣ್ಣೆ ಯಾವಾಗಲೂ ಇರುತ್ತೆ. ಎಂಜಿನ್ ಆರುವವರೆಗೆ ಕೂತು ಬುತ್ತಿ ಬಿಚ್ಚಿ ಉಪ್ಪಿಟ್ಟು ತಿಂದೆವು. ದೋಸೆ ಎಲ್ಲಿ ಅಂತ ಅಪ್ಪಾಜಿ ಕೇಳಲಿಲ್ಲ.

ಆಮೇಲೆ ಕೆಲಸ ಶುರು. ಮೇಲಿನ ಚಕ್ರದ ಗುರುತು, ಕೆಳಗಿನ ಚಕ್ರದ ಗುರುತು ಎರಡೂ ಸರಿಯಾಗಿ ಕೂತ ಮೇಲೆಯೇ ಬೆಲ್ಟ್ ಏರಿಸಬೇಕು. ಅಪ್ಪಾಜಿಯ ಕಣ್ಣಿಗೆ ಆ ಗುರುತು ಕಾಣಲಿಲ್ಲ. ನಾನು ನೋಡಿ "ಇನ್ನೊಂದು ಹಲ್ಲು, ಇನ್ನೊಂಚೂರು" ಅಂತ ಹೇಳುತ್ತಾ ಹೋದೆ, ಅವರು ತಿರುಗಿಸುತ್ತಾ ಹೋದರು. ಬಿಗಿ ಎಷ್ಟಿರಬೇಕು ಅನ್ನೋದು ಮಾತ್ರ ಅವರ ಹೆಬ್ಬೆರಳಿಗೇ ಗೊತ್ತು. ನಮ್ಮೆಜಮಾನ್ರಿಗೆ ಟಾರ್ಚ್ ಹಿಡಿಯುವ ಕೆಲಸ ಕೊಟ್ಟೆವು, ಬಿಸಿಲಿನಲ್ಲೂ.

"ಮಾವ, ನನ್ನ ಸಿದ್ಧಾಂತದಲ್ಲಿ ತಪ್ಪಿಲ್ಲ, ಪ್ರಮಾಣದಲ್ಲಿ..."

"ಅಳಿಯಂದ್ರೇ, ಟಾರ್ಚು ಈ ಕಡೆಗೆ."

ಎಂಜಿನ್ನಿನ ಅಡಿಯ ತಿರುಪು ಬಿಚ್ಚಿ ಮಜ್ಜಿಗೆ, ಮೊಸರು, ಬೆಣ್ಣೆ ಎಲ್ಲಾ ಖಾಲಿಯಾದ ಬುತ್ತಿ ಡಬ್ಬಿಗಳಿಗೆ ಬಸಿದೆವು. ಅಪ್ಪಾಜಿಯ ಎಣ್ಣೆ ಹಾಕಿದೆವು. ಒಂದೇ ಸಲಕ್ಕೆ ಸ್ಟಾರ್ಟ್! ಹಳೇ ಸದ್ದು, ನನ್ನ ಚಿಕ್ಕಂದಿನ ಸದ್ದು. ಅಪ್ಪಾಜಿ ಎದೆ ಸೆಟೆಸಿಕೊಂಡು, ಹಾರ್ನ್ ಹೊಡೆದುಕೊಂಡು ಬೆಟ್ಟ ಹತ್ತಿಸಿದರು. ಮೇಲೆ ನಿಲ್ಲಿಸಿ, ಇಳಿದು, ಬೀಗದಕೈಯನ್ನು ನನ್ನ ಕೈಗಿಟ್ಟರು.

"ಇನ್ನು ನೀನು. ಎಣ್ಣೆ ಯಾವಾಗ?"

"ಪ್ರತಿ ಆಯುಧಪೂಜೆಗೆ."

"ಬೆಲ್ಟು?"

"ಮೂರನೇ ಆಯುಧಪೂಜೆಗೆ."

"ಅಳಿಯಂದ್ರು?"

"ಅವರನ್ನ ಬದಲಾಯಿಸೋ ಕಾಲ ಮೀರಿ ಹೋಯ್ತು ಅಪ್ಪಾಜಿ" ಅಂದೆ. ಇಬ್ಬರೂ ನಕ್ಕೆವು. ಕೆಳಗೆ ಇಳಿಸಿಕೊಂಡು ಬಂದಿದ್ದು ನಾನೇ.

ಮನೆಗೆ ಬಂದವಳೇ ಆ ಡಬ್ಬಿಯಿಂದ ಒಂದು ಚಮಚ ತೆಗೆದು ಹಾಲಿಗೆ ಹಾಕಿದೆ. ಪುಟ್ಟಗೌರಮ್ಮನ ಸ್ಕೂಟರು ಬಿಟ್ಟರೆ ಅವ್ವನ ಹೆಪ್ಪು ಲೋಕದಲ್ಲಿ ಇನ್ನೆಲ್ಲೂ ಉಳಿದಿರಲಿಲ್ಲವಲ್ಲ. ತಿನ್ನೋಕೆ ಮುಂಚೆ ನಮ್ಮೆಜಮಾನ್ರು ಕಾಲೇಜಿನ ಲ್ಯಾಬಿಗೆ ಒಯ್ದು ಮಾಡದ ಪರೀಕ್ಷೆ ಇಲ್ಲ. ಒಂದು ತೊಟ್ಟು ಎಣ್ಣೆಯೂ ಸಿಗಲಿಲ್ಲವಂತೆ, ಅವರು ಸಾಕಿದ ಜೀವಾಣು ಒಂದೂ ಸಿಗಲಿಲ್ಲವಂತೆ. ಮುಖ ಸಪ್ಪೆ ಮಾಡಿಕೊಂಡು ಬಂದರು. ಚಿರಂಜೀವಿ ಯಂತ್ರ ಈಗ ನನ್ನ ಅಡಿಗೆಮನೆಯಲ್ಲಿದೆ, ನಳಿಗೆ ಕಿತ್ತುಹಾಕಿ ಇಡ್ಲಿಗೆ ಹಚ್ಚಿದ್ದೀನಿ. ಪುಟ್ಟಗೌರಮ್ಮನ ಸ್ಕೂಟರು ಮಾತ್ರ ಮಾರ್ಕೆಟ್ಟಿಗೆ ಹೋಗಿ ಬಂದರೆ ಸಾಕು, ಒಂದು ಮುದ್ದೆ ಬೆಣ್ಣೆ ಕೊಡುತ್ತೆ. ಹಿಂದೆ ಬೆಕ್ಕುಗಳ ಮೆರವಣಿಗೆ. ಅವಳಂತೂ ಎಣ್ಣೆ ಬದಲಾಯಿಸೋ ಮಾತೇ ಆಡಲ್ಲ.

ಮೊನ್ನೆ ಬಂದ ನೆಂಟರು ಮೊಸರನ್ನ ಎರಡೆರಡು ಸಲ ಹಾಕಿಸಿಕೊಂಡು, "ಎಂಥಾ ಮೊಸರು ದಾಕ್ಷಾಯಿಣಮ್ಮ! ಹೆಪ್ಪು ತವರುಮನೆಯದಾ?" ಅಂದರು.

"ತವರಿನದೇ" ಅಂದೆ. "ಮಧ್ಯೆ ಒಂದೆರಡು ದಿನ ಇಟಲಿಗೆ ಹೋಗಿ ಬಂತು, ಅಷ್ಟೆ."