ಆಮೆಗೆ ಊರು ಹುಡುಕಿದ ನನ್ನ ತಮ್ಮ

ಆಗ ನನಗೆ ನಲವತ್ತನಾಲ್ಕು. ಈಗ್ಗೆ ನಲವತ್ತು ವರ್ಷದ ಹಿಂದಿನ ಮಾತು. ನನ್ನ ತಮ್ಮನಿಗೆ ತಲೆ ಸರಿಯಿಲ್ಲ ಎಂದು ನಮ್ಮೂರು ಮಂಕಿಯವರು ಹೇಳುತ್ತಿದ್ದದ್ದು ಶುದ್ಧ ಸುಳ್ಳು! ತಲೆ ಗಟ್ಟಿಯಾಗಿಯೇ ಇತ್ತು. ಭಟ್ಕಳದ ಬಸ್ ಸ್ಟ್ಯಾಂಡಿನಲ್ಲಿ ಹಮಾಲಿ ಮಾಡುತ್ತಿದ್ದ, ಅಕ್ಕಿ ಮೂಟೆಯನ್ನು ತಲೆಯ ಮೇಲೇ ಹೊರುತ್ತಿದ್ದ. ಒಳಗಿನ ಸಾಮಾನು ಮಾತ್ರ ಬೇರೆಯವರದ್ದರ ಹಾಗಿರಲಿಲ್ಲ.

ನಾನು ಗಂಡ ಸತ್ತು ಮೀನು ಮಾರುತ್ತಿದ್ದವಳು, ಅವ ಮದುವೆಯಾಗದವ. ಇಬ್ಬರೂ ಇದ್ದದ್ದು ಒಂದೇ ಮಾಡಿನ ಕೆಳಗೆ. ಅವನಿಗಿದ್ದ ರೋಗ ಒಂದೇ: ಯಾವ ಜೀವವೂ ತನ್ನ ಮನೆ ಬಿಟ್ಟು ಬೇರೆ ಕಡೆ ಇರಬಾರದು. ಪಕ್ಕದ ಮನೆಯವಳು ತನ್ನ ಕಳ್ಳಬೆಕ್ಕನ್ನು ಚೀಲಕ್ಕೆ ತುಂಬಿ ಕುಮಟೆಯ ಮೀನುಪೇಟೆಯಲ್ಲಿ ಬಿಟ್ಟು ಬಂದು, ಪೀಡೆ ತೊಲಗಿತೆಂದು ಗಂಗಾಳದ ತುಂಬ ಮೀನು ಹುರಿದಿಟ್ಟಿದ್ದಳು. ಸಂಜೆಗೆ ನನ್ನ ತಮ್ಮ ಬೆಕ್ಕನ್ನು ಕಂಕುಳಲ್ಲಿ ಹಿಡಿದು ಅವಳ ಬಾಗಿಲಲ್ಲಿ ಹಾಜರು!

“ಪಾಪ, ದಾರಿ ತಪ್ಪಿ ಕುಮಟೆಗೆ ಹೋಗಿತ್ತು ಮಾರಾಯ್ತಿ. ಅರ್ಧ ಟಿಕೀಟು ತೆಗೆಸಿ ಕರ್ಕಂಡು ಬಂದೆ.”

ಅವಳು ಅವತ್ತಿನಿಂದ ನನ್ನ ಹತ್ತಿರ ಮಾತು ಬಿಟ್ಟಳು. ತಂದವ ಅವನು, ಮಾತು ಬಿಟ್ಟದ್ದು ನನ್ನ ಹತ್ತಿರ. ಇದು ಯಾವ ನ್ಯಾಯ?

ಮಳೆಗಾಲ ಇನ್ನೇನು ಬರಬೇಕು, ಆಗ ಅವನು ಒಂದು ಗೋಣಿಚೀಲ ಹೊತ್ತು ತಂದ. ಬೊಂಬಾಯಿ ಬಸ್ಸಿನ ಮೇಲಿದ್ದ ಮಾಲು. ಪೊಲೀಸರು ಬಸ್ಸು ತಡೆದದ್ದು ಕಂಡು ಅದರ ಯಜಮಾನ ಇಳಿದು ಓಡಿದನಂತೆ. ಪೊಲೀಸರು ಹುಡುಕುತ್ತಿದ್ದದ್ದು ಇನ್ನೇನನ್ನೋ. ತೆಂಗಿನಕಾಯಿ ಎಂದು ಹೇಳಿ ಏರಿಸಿದ ಚೀಲ ಅನಾಥವಾಗಿ ಸ್ಟ್ಯಾಂಡಿನಲ್ಲೇ ಉಳಿಯಿತು.

“ಅಕ್ಕಾ, ಈ ತೆಂಗಿನಕಾಯಿ ನಡೀತದೆ!”

ಬಿಚ್ಚಿ ನೋಡಿದರೆ ಆಮೆಗಳು. ಹನ್ನೊಂದು! ಬೆನ್ನ ಮೇಲೆ ಹಳದಿ ನಕ್ಷತ್ರ ಬರೆದ ಹಾಗಿನ ಗೀರುಗಳು. ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಏಳಿಗೆಯಾಗುವುದಿಲ್ಲ ಎನ್ನುತ್ತಾರೆ. ಆಮೆ ಹೊಕ್ಕಾಯಿತು, ಇನ್ನು ಜಪ್ತಿ ಮಾಡುವ ಅಮೀನ ಯಾವಾಗ? ಕದ್ದ ಮಾಲು ಮನೆಯಲ್ಲಿ ಸಿಕ್ಕರೆ ಕಳ್ಳ ಯಾರು? ಕಳ್ಳನಂತೂ ಓಡಿಹೋಗಿದ್ದ!

“ಹೆದರ್ಬೇಡ ಅಕ್ಕಾ. ಇವತ್ತೇ ಅದರ ಮನೆಗೆ ಮುಟ್ಟಿಸ್ತೆ” ಎಂದ.

ನಮ್ಮಲ್ಲಿ ಬಲೆಗೆ ಕಡಲಾಮೆ ಬಿದ್ದರೆ ಕುಂಕುಮ ಹಚ್ಚಿ, ಕೈ ಮುಗಿದು, ತಿರುಗಿ ನೀರಿಗೆ ಬಿಡುವುದು ಕ್ರಮ. ಆಮೆಯ ಮನೆ ಕಡಲು. ಅದಲ್ಲದೆ ಬೇರೆ ಆಮೆ ನಾವು ಕಂಡವರೇ? ಹನ್ನೊಂದಕ್ಕೂ ಕುಂಕುಮ ಹಚ್ಚಿದೆವು. ನಾನೂ ಹಚ್ಚಿದೆ. ದಂಡೆಗೆ ಹೋಗಿ ಮೊದಲನೆಯದನ್ನು ತೆರೆಗೆ ಬಿಟ್ಟ. ಅದು ಮಗುಚಿ ಬಿದ್ದು, ಕಾಲು ಬಡಿದು, ತೆರೆಯ ಜೊತೆ ಉರುಳಿ ನಮ್ಮ ಕಾಲ ಬುಡಕ್ಕೇ ಬಂತು. ತಿರುಗಿ ಬಿಟ್ಟ. ಈ ಸಲ ಕಲ್ಲಿನ ಹಾಗೆ ಮುಳುಗಿತು.

“ಹೋತು ನೋಡು ಮನೆಗೆ” ಎಂದು ಅವನು ಕೈ ಮುಗಿದ. ನಾನು ಚೀಲದಲ್ಲಿದ್ದ ಇನ್ನೊಂದನ್ನು ಮಗುಚಿ ನೋಡಿದೆ. ಕಡಲಾಮೆಗಾದರೆ ದೋಣಿಯ ಹುಟ್ಟಿನ ಹಾಗಿನ ರೆಕ್ಕೆ. ಇದಕ್ಕೆ ಇದ್ದದ್ದು ಉಗುರಿನ ಮೊಂಡು ಕಾಲು, ಥೇಟು ಆನೆಮರಿಯದ್ದು!

“ಮನೆಗಲ್ಲ ಮಾರಾಯ, ಮಸಣಕ್ಕೆ! ಇದು ಈಸೂ ಜಾತಿ ಅಲ್ಲ!”

ಉಟ್ಟ ಪಂಚೆಯಲ್ಲೇ ಹಾರಿದ. ಎಳೆದು ತಂದು ತಲೆಕೆಳಗು ಮಾಡಿ ಹಿಡಿದ. ನೀರು ಸುರಿಯಿತು. ಎಷ್ಟೋ ಹೊತ್ತಿನ ಮೇಲೆ ಒಂದು ಕಣ್ಣು ತೆರೆದು ಅವನನ್ನು ನೋಡಿತು. ಬೈದಂತೆಯೇ ಇತ್ತು ಆ ನೋಟ!

ಮರುದಿನ ಹೊನ್ನಾವರಕ್ಕೆ ಹೋಗಿ ಒಬ್ಬ ಫಾರೆಸ್ಟಿನವನನ್ನು ಸುತ್ತುಬಳಸಿ ಕೇಳಿದ: “ಸಾಹೇಬ್ರೇ, ಒಂದು ವೇಳೆ ಆಮೆ ಸಿಕ್ಕಿದ್ರೆ ಎಂತ ಮಾಡೂದು?”

“ಕಾಡಿಗೆ ಬಿಡು.”

“ಯಾವ ಕಾಡಿಗೆ?”

“ಕಾಡು ಅಂದ್ರೆ ಕಾಡು. ಎಲ್ಲ ಒಂದೇ.”

“ಹಂಗಾದ್ರೆ ನಿಮ್ಮನ್ನ ಸಂಜೆಗೆ ಯಾರದ್ದಾದ್ರೂ ಮನೆಗೆ ಬಿಟ್ರೆ ಆತಾ?”

ಅಲ್ಲಿಂದ ಓಡಿ ಬಂದ.

ಅಂದಿನಿಂದ ಊಟದ ಡಬ್ಬಿಯಲ್ಲಿ ಒಂದು ಆಮೆಯನ್ನಿಟ್ಟುಕೊಂಡು ಸ್ಟ್ಯಾಂಡಿಗೆ ಬಂದ ಡ್ರೈವರುಗಳಿಗೆಲ್ಲ ಮುಚ್ಚಳ ತೆಗೆದು ತೋರಿಸತೊಡಗಿದ. “ಇದು ನಿಮ್ಮೂರಿಂದಾ?” ಕೊನೆಗೆ ಕೋಲಾರದ ಕಡೆಯ ಡ್ರೈವರನೊಬ್ಬ ಗುರುತು ಹಿಡಿದನಂತೆ. “ನಮ್ ಕಡೇದು ಕಣಪ್ಪ. ಕುರುಚಲು ಗುಡ್ಡದಾಗಿರ್ತದೆ. ನಿಮ್ಮ ಮಳೆ ಹಿಡಿದ್ರೆ ಇವು ಉಳಿಯಲ್ಲ. ಮುಂದಿನ ಸಲ ಬಂದಾಗ ಕರ್ಕೊಂಡು ಹೋಗ್ತೀನಿ.”

ಆ ಬಸ್ಸು ಬರುವ ತನಕ ನನ್ನ ಜೀವ ಕೈಯಲ್ಲಿ. ಮೋಡ ಕಂಡರೆ ಅವನಿಗೆ ಹೆದರಿಕೆ, ಖಾಕಿ ಕಂಡರೆ ನನಗೆ. ಒಂದು ದಿನ ಅಂಗಳದಲ್ಲಿ ಖಾಕಿ ಕಂಡಿತು. ಮೀನಿನ ಬುಟ್ಟಿಯನ್ನು ಆಮೆಗಳ ಮೇಲೆ ಕವುಚಿ, ಎದುರಿಗೆ ನಿಂತೆ. ನೋಡಿದರೆ ಅಂಚೆಯವ. ಉಸಿರು ಬಿಡುವಷ್ಟರಲ್ಲಿ ಅವನೆಂದ: “ಅಕ್ಕಾ, ನಿಮ್ಮ ಬುಟ್ಟಿ ಬಾಗಿಲ ಬದಿಗೆ ಹೊರಟದ್ಯಲ್ಲ?”

“ಏಡಿ, ಏಡಿ” ಎಂದೆ.

“ಓಹೋ! ನಂಗೂ ನಾಲ್ಕು ಕೊಡಿ ಹಾಗಾದ್ರೆ.”

ನಾಳೆ ಮನೆಗೇ ಮುಟ್ಟಿಸುತ್ತೇನೆಂದು ಸಾಗಹಾಕಿ, ಬೇರೆಯವಳ ಹತ್ತಿರ ಏಡಿ ಕೊಂಡು ಅವನಿಗೆ ಕೊಟ್ಟೆ. ಮೀನು ಮಾರುವವಳು ಏಡಿ ಕೊಳ್ಳುವುದೆಂದರೆ! ಪೇಟೆಯವರೆಲ್ಲ ನನಗೂ ತಮ್ಮನ ಗಾಳಿ ಬಡಿಯಿತೆಂದರು.

ಬಸ್ಸು ಬಂತು. ಹನ್ನೊಂದೂ ಇನ್ನೂ ಜೀವದಲ್ಲಿದ್ದವು. ಕುಮಟೆಯ ಆಚೆ ಊರೇ ಕಾಣದವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೋಲಾರಕ್ಕೆ ಹೊರಟ. “ಬಿಟ್ಟು, ಅದೇ ಬಸ್ಸಿಗೆ ಬರ್ತೆ ಅಕ್ಕಾ.” ಪೀಡೆ ತೊಲಗಿತು ಎಂದುಕೊಂಡೆ. ಮನೆಗೆ ಬಂದು ನೋಡಿದರೆ, ಹೆದರಿಕೆ ಮಾತ್ರ ಬಸ್ಸು ಹತ್ತದೆ ಅಲ್ಲೇ ಕೂತಿತ್ತು.

ಮಳೆ ಹಿಡಿಯಿತು. ಆ ಬಸ್ಸು ಬರುವ ದಿನ ಭಟ್ಕಳಕ್ಕೆ ಹೋಗಿ ಕಾದೆ. ಎಲ್ಲರೂ ಇಳಿದರು, ಅವನು ಇಳಿಯಲಿಲ್ಲ. ಡ್ರೈವರ ತಲೆ ಕೆರೆದುಕೊಂಡ.

“ಅವ್ನು ಬರಲ್ಲಂತೆ ಕಣಮ್ಮ.”

“ಎಂತಕ್ಕೆ? ಆಮೆ ಬಿಟ್ಟನಾ ಇಲ್ವಾ?”

“ಬಿಟ್ಟ. ಒಳ್ಳೆ ಜಾಗ ನೋಡಿ ಬಿಟ್ಟ. ಆದ್ರೆ ಇವನ್ನ ಹಿಡಿಯೋರೂ ಅದೇ ಗುಡ್ಡಕ್ಕೆ ಬರ್ತಾರೆ ಅಂತ ನಾನೇ ಬಾಯಿ ತಪ್ಪಿ ಅಂದ್ಬಿಟ್ಟೆ. ಕೋಲು ಹಿಡ್ಕೊಂಡು ಕಾವಲು ಕೂತವ್ನೆ.”

“ಎಷ್ಟು ದಿನ ಕೂರ್ತಾನಂತೆ?”

“ಆಮೆ ನೂರು ವರ್ಷ ಬದುಕ್ತದೆ ಅಂದ್ರು ಯಾರೋ. ಆಗ್ಲಿ ಅಂದ.”

ಸ್ಟ್ಯಾಂಡಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

“ಊಟ?”

“ಮುದ್ದೆ ಕೊಟ್ವಿ. ಅಗಿದು ಅಗಿದು ಕಣ್ಣಲ್ಲಿ ನೀರು ಹಾಕ್ಕೊಂಡ. ಮುದ್ದೆ ಯಾರಾದ್ರೂ ಅಗೀತಾರಾ? ನುಂಗೋಕೆ ಬರಲ್ಲ ಅವ್ನಿಗೆ. ಸೊರಗಿದ್ದಾನೆ.” ಆಮೇಲೆ ದನಿ ತಗ್ಗಿಸಿ ಹೇಳಿದ: “ಸಂಜೆಯಾದ್ರೆ, ನಮ್ಮ ಕಡಲು ಯಾವ ದಿಕ್ಕಿಗೆ ಅಂತ ಕೇಳ್ತಾನಮ್ಮ. ತೋರಿಸಿದ್ರೆ ಅತ್ಲಾಗೇ ಮುಖ ಮಾಡಿ ಕೂತ್ಕೊತಾನೆ.”

ನನಗೆ ನಗು ಹೋಯಿತು.

ಮರುದಿನ ಬೆಳಿಗ್ಗೆ ಒಣಸಿಗಡಿ ಹುರಿದು ಡಬ್ಬಿಗೆ ತುಂಬಿದೆ, ಬಾಗಿಲಿಗೆ ಬೀಗ ಹಾಕಿದೆ, ಭಟ್ಕಳಕ್ಕೆ ಹೋಗಿ ಅದೇ ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿ ಕೂತೆ.